ಚಿಕ್ಕ ಹಾಯಿದೋಣಿಗೆ ಈಜುವವರ ಏಣಿ: ಯಾವುದನ್ನು ಆರಿಸಲಿ?

ನೀರಹಕ್ಕಿ

ಎಲ್ಲರಿಗೂ ನಮಸ್ಕಾರ. ದೋಣಿಯಿಂದ ಈಜಲು ಇಳಿದವರು ಮತ್ತೆ ಮೇಲೆ ಹತ್ತಲು ಒಂದು ಏಣಿ ಬೇಕಾಗಿದೆ. ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಮೊದಲು ದೋಣಿಯ ವಿವರ. 19 ಅಡಿ ಉದ್ದ, ಫೈಬರ್ ಗ್ಲಾಸ್ ಒಡಲು, ಇಬ್ಬರು ಮಲಗುವಷ್ಟು ಪುಟ್ಟ ಕ್ಯಾಬಿನ್. ಚುಕ್ಕಾಣಿ ಹಿಂಬದಿಯ ಗೋಡೆಗೇ, ಅಂದರೆ ಟ್ರಾನ್ಸಮ್‌ಗೇ ಸಿಕ್ಕಿಸಿದ್ದು. ಅದರ ಬಲಕ್ಕೆ ಬ್ರಾಕೆಟ್ ಮೇಲೆ 4 ಹಾರ್ಸ್‌ಪವರ್ ಔಟ್‌ಬೋರ್ಡ್ ಮೋಟಾರ್ ಇದೆ. ಎಡಕ್ಕೆ ಸುಮಾರು 45 ಸೆಂಟಿಮೀಟರ್ ಅಗಲದ ಜಾಗ ಖಾಲಿ. ಹಿಂದೆ ಕಂಬಿ ಕಟಕಟೆ ಏನೂ ಇಲ್ಲ, ಬರೀ ಡೆಕ್. ಹೆಚ್ಚಾಗಿ ಸಿಹಿನೀರಿನಲ್ಲಿ ಓಡಾಡುತ್ತೇವೆ. ಬೇಸಿಗೆಯಲ್ಲಿ ಸಮುದ್ರಕ್ಕೂ ಒಯ್ಯುತ್ತೇವೆ.

ಈಗಿರುವುದು ದೋಣಿಯ ಜೊತೆಗೇ ಬಂದ ಹಗ್ಗದ ಏಣಿ. ಮೂರು ಮರದ ಮೆಟ್ಟಿಲು. ಪಕ್ಕದ ಕ್ಲೀಟಿಗೆ, ಅಂದರೆ ಹಗ್ಗ ಸುತ್ತುವ ಗೂಟಕ್ಕೆ, ಕಟ್ಟಿ ಇಳಿಬಿಡುತ್ತೇವೆ. ಕಾಲಿಟ್ಟ ಕೂಡಲೇ ಮೆಟ್ಟಿಲು ದೋಣಿಯ ಹೊಟ್ಟೆಯ ಕೆಳಕ್ಕೆ ನುಗ್ಗುತ್ತದೆ. ಕಾಲು ಒಳಗೆ, ಬೆನ್ನು ಹೊರಗೆ, ಅಂಗಾತ ಜೋತುಬಿದ್ದ ಹಾಗಾಗುತ್ತದೆ. ಜೊತೆಗೆ ದೋಣಿಯೂ ನಮ್ಮ ಕಡೆಗೇ ವಾಲುತ್ತದೆ.

ಹತ್ತು ವರ್ಷದ ಮಗಳು ಹಗುರ, ಹೇಗೋ ಹತ್ತಿಬಿಡುತ್ತಾಳೆ. ನನ್ನ ಗಂಡ ತೋಳಿನ ಬಲದಲ್ಲೇ ಮೇಲೆ ಬರುತ್ತಾರೆ. ನನಗೆ ಪ್ರತಿ ಸಲ ಯಾರಾದರೂ ಕೈ ಕೊಡಬೇಕು. ಅಪ್ಪನಿಗೆ 67. ಎಡ ಮೊಣಕಾಲು ಪೂರ್ತಿ ಮಡಿಸುವುದಿಲ್ಲ. ನನಗೆ ಈಜು ಕಲಿಸಿದ್ದೇ ಅವರು. ಈಗ "ನೀವು ಈಜಿ, ನಾನು ದೋಣಿ ನೋಡಿಕೊಳ್ಳುತ್ತೇನೆ" ಅಂತ ಕೂತುಬಿಡುತ್ತಾರೆ. ನೀರಿನ ಭಯ ಅವರಿಗಿಲ್ಲ. ಮತ್ತೆ ಹತ್ತಲು ಆಗದಿದ್ದರೆ ಎಲ್ಲರಿಗೂ ತೊಂದರೆ ಅನ್ನುವ ಸಂಕೋಚ. ಅವರು ಮತ್ತೆ ನೀರಿಗೆ ಇಳಿಯಬೇಕು ಅನ್ನುವುದೇ ಈ ಏಣಿ ಹುಡುಕಾಟಕ್ಕೆ ಕಾರಣ.

ನಾನು ನೋಡಿರುವುದು ಇಷ್ಟು. ಅಂಚಿಗೆ ಕೊಕ್ಕೆ ಹಾಕಿ ನೇತುಹಾಕುವ ಏಣಿ. ಟ್ರಾನ್ಸಮ್‌ಗೆ ಬೋಲ್ಟ್ ಹಾಕಿ ಕೂರಿಸುವ, ಎರಡಾಗಿ ಮಡಚುವ ಸ್ಟೀಲ್ ಏಣಿ. ಕೊಳವೆಯೊಳಗೆ ಕೊಳವೆ ಸೇರಿಕೊಳ್ಳುವ ಟೆಲಿಸ್ಕೋಪಿಕ್ ಏಣಿ. ಇನ್ನೊಂದು, ಪಟ್ಟಿಯಲ್ಲಿ ಹೊಲಿದು ಚೀಲದಲ್ಲಿ ಮಡಚಿಡುವ ಏಣಿ. ಯಾವುದು ಸರಿ? ಪಕ್ಕಕ್ಕೆ ಹಾಕಬೇಕೋ, ಹಿಂದಕ್ಕೋ? ಎಷ್ಟು ಮೆಟ್ಟಿಲು ಬೇಕು? ಟ್ರಾನ್ಸಮ್‌ಗೆ ತೂತು ಕೊರೆಯುವುದು ನನಗೆ ಸ್ವಲ್ಪ ಹೆದರಿಕೆ. ಅದನ್ನೂ ಹೇಳಿ.

ದಡದಂಚು

ತೂತು ಕೊರೆಯುವ ಗೋಜು ಬೇಡ ಅಂದರೆ ಕೊಕ್ಕೆ ಏಣಿಯೇ ಸಾಕು ಅಂತ ನನ್ನ ಅನಿಸಿಕೆ. ನಮ್ಮದು 14 ಅಡಿಯ ತೆರೆದ ದೋಣಿ, ಅಂಚು ತಗ್ಗು. ನೇತುಹಾಕು, ಹತ್ತು, ತೆಗೆದಿಡು. ಒಂದೇ ಮಾತು: ಕೊಕ್ಕೆಗೆ ರಬ್ಬರ್ ಹೊದಿಕೆ ಇರಬೇಕು, ಇಲ್ಲದಿದ್ದರೆ ಅಂಚಿನ ಬಣ್ಣ ಕಿತ್ತುಬರುತ್ತದೆ. ಏಣಿಯ ಮೇಲ್ತುದಿಗೆ ಒಂದು ಹಗ್ಗ ಕಟ್ಟಿ ಒಳಗಿನ ಕ್ಲೀಟಿಗೆ ಸುತ್ತಿ. ಅಲೆಗೆ ಕೊಕ್ಕೆ ಎದ್ದು ಬಂದರೂ ಏಣಿ ನೀರುಪಾಲಾಗುವುದಿಲ್ಲ.

ಹಳೆಹಾಯಿ

ದಡದಂಚು ಅವರು ಹೇಳಿದ್ದು ಅವರ ದೋಣಿಗೆ ಸರಿ. ಅಂಚು ತಗ್ಗಿದ್ದಾಗ ಒಂದೆರಡು ಮೆಟ್ಟಿಲು ಸಿಕ್ಕರೂ ಸಾಕು. ಡೆಕ್ ಇರುವ, ಬದಿ ಎತ್ತರವಾದ 19 ಅಡಿ ದೋಣಿಯ ಲೆಕ್ಕವೇ ಬೇರೆ. ಅದರಲ್ಲೂ ಮೊಣಕಾಲು ಮಡಿಸದ ಹಿರಿಯರು ಹತ್ತಬೇಕು ಅಂದಮೇಲೆ ಸ್ವಲ್ಪ ಕೂತು ಯೋಚಿಸಬೇಕು.

ಯಾವ ನಮೂನೆ ಅನ್ನುವುದು ಆಮೇಲೆ. ಮೊದಲು ಅಳತೆ. ಏಣಿ ಕೊಳ್ಳುವವರು ಸಾಮಾನ್ಯವಾಗಿ ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೆ ಅಂತ ನೋಡುತ್ತಾರೆ. ಹತ್ತಲು ಆಗುತ್ತದೋ ಇಲ್ಲವೋ ಅನ್ನುವುದು ನೀರಿನ ಒಳಗೆ ಎಷ್ಟಿವೆ ಅನ್ನುವುದರ ಮೇಲೆ ನಿಂತಿದೆ.

ಯಾಕೆ ಅಂತ ಹೇಳುತ್ತೇನೆ. ನೀವು ನೀರಿನಲ್ಲಿ ನೆಟ್ಟಗೆ ತೇಲುತ್ತಾ ಏಣಿ ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. ಹೆಗಲು ನೀರಿನ ಮಟ್ಟದಲ್ಲಿದೆ. ಆಗ ಸೊಂಟದ ಕೀಲು ಹೆಚ್ಚುಕಡಿಮೆ 50 ಸೆಂಟಿಮೀಟರ್ ಕೆಳಗಿರುತ್ತದೆ. ಏಣಿಯ ಕೊನೆಯ ಮೆಟ್ಟಿಲು ನೀರಿನಿಂದ 28 ಸೆಂಟಿಮೀಟರ್ ಮಾತ್ರ ಕೆಳಗಿದ್ದರೆ, ಪಾದವನ್ನು ಸೊಂಟಕ್ಕಿಂತಲೂ ಮೇಲೆ ಎತ್ತಿ ಇಡಬೇಕು. ನೆಲದ ಮೇಲೆ ನಿಂತವರಿಗೆ ಮೊದಲ ಮೆಟ್ಟಿಲನ್ನೇ ಎದೆಮಟ್ಟದಲ್ಲಿ ಕಟ್ಟಿಕೊಟ್ಟ ಹಾಗೆ. ನಿಮ್ಮ ಮಗಳಿಗೆ ಅದು ಆಟ, ಅಪ್ಪನಿಗೆ ಆಗದ ಕೆಲಸ. ಆಮೇಲೆ ಆ ಮೆಟ್ಟಿಲಿನ ಮೇಲೆ ಮೈಯ ಭಾರವನ್ನೆಲ್ಲ ತೋಳಿನಿಂದಲೇ ಎಳೆದು ತರಬೇಕು. ಒಂದು ಮೆಟ್ಟಿಲು 55 ಸೆಂಟಿಮೀಟರ್ ಆಳದಲ್ಲಿದ್ದರೆ ಪಾದ ಸೊಂಟದ ಮಟ್ಟಕ್ಕೆ ಬಂದರೆ ಸಾಕು. 80 ಸೆಂಟಿಮೀಟರ್ ಆಳದಲ್ಲಿ ಇನ್ನೊಂದು ಇದ್ದರೆ ಮೊಣಕಾಲನ್ನು ಇನ್ನೂ ಕಡಿಮೆ ಮಡಿಸಿ ಕಾಲಿಡಬಹುದು. ಆಗ ಕೆಲಸ ತೋಳಿನಿಂದ ತೊಡೆಗೆ ದಾಟುತ್ತದೆ. ತೋಳಿಗಿಂತ ತೊಡೆಗೆ ಬಲ ಹೆಚ್ಚು.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕದಲ್ಲಿ ದೋಣಿಗಳ ಮಾನದಂಡ ಬರೆಯುವ ಎಬಿವೈಸಿ ಎಂಬ ಸಂಸ್ಥೆ ತನ್ನ ಎಚ್-41 ನಿಯಮದಲ್ಲಿ ಕೆಳಗಿನ ಮೆಟ್ಟಿಲು ನೀರಿನ ಮಟ್ಟಕ್ಕಿಂತ ಕನಿಷ್ಠ 22 ಇಂಚು ಕೆಳಗಿರಬೇಕು ಎನ್ನುತ್ತದೆ. ಅಂದರೆ 56 ಸೆಂಟಿಮೀಟರ್. ಆದರೂ ಎರಡು ಮೂರು ಮೆಟ್ಟಿಲಿನ ಗಿಡ್ಡ ಏಣಿಗಳು ಇವತ್ತಿಗೂ ಮಾರಾಟದಲ್ಲಿವೆ. ನೋಡಲು ಚೆಂದ, ಮಡಚಿದರೆ ಪುಟ್ಟದು, ದಣಿದವರಿಗೆ ಉಪಯೋಗವಿಲ್ಲ.

ಇನ್ನು ಹಗ್ಗದ ಏಣಿ ಒಳಕ್ಕೆ ನುಗ್ಗುವುದು. ಒಡಲು ನೀರಿನ ಕಡೆಗೆ ಒಳಬಾಗುತ್ತಾ ಹೋಗುತ್ತದೆ. ಹಗ್ಗಕ್ಕೆ ತಡೆ ಇಲ್ಲ. ನೀವು ಕೈಯಿಂದ ಮೇಲ್ಭಾಗವನ್ನು ನಿಮ್ಮ ಕಡೆ ಎಳೆದಾಗ ಕಾಲು ಎದುರು ದಿಕ್ಕಿಗೆ ಹೋಗಲೇಬೇಕು. ಚೀಲದ ಪಟ್ಟಿ ಏಣಿಯದ್ದೂ ಇದೇ ಗುಣ. ಕೆಳಗಿನ ಮೆಟ್ಟಿಲಿಗೆ ಭಾರ ಕಟ್ಟಿದರೆ ಅದು ತೇಲದೆ ಮುಳುಗಿ ನಿಲ್ಲುತ್ತದೆ, ಕಾಲಿಗೆ ಸಿಗುತ್ತದೆ. ಆದರೆ ಒಳಕ್ಕೆ ನುಗ್ಗುವುದು ನಿಲ್ಲುವುದಿಲ್ಲ. ದಿನನಿತ್ಯ ಈಜುವವರಿಗೆ ಗಟ್ಟಿ ಚೌಕಟ್ಟಿನ ಏಣಿಯೇ ಬೇಕು. ಅದರ ಕೆಳಭಾಗ ಟ್ರಾನ್ಸಮ್‌ಗೆ ತಾಗದಂತೆ ಊರುಗಾಲು ಇರಬೇಕು. ಮೆಟ್ಟಿಲಿಗೂ ಗೋಡೆಗೂ ನಡುವೆ 10–12 ಸೆಂಟಿಮೀಟರ್ ಬಿಡುವು ಸಿಕ್ಕರೆ ಬೆರಳು ಜಜ್ಜುವುದಿಲ್ಲ, ಪಾದದ ನಡುಭಾಗವನ್ನೇ ಮೆಟ್ಟಿಲ ಮೇಲೆ ಇಡಬಹುದು.

ಮೆಟ್ಟಿಲು ಚಪ್ಪಟೆಯಾಗಿರಲಿ. ಬರಿಗಾಲಿನಲ್ಲಿ 25 ಮಿಲಿಮೀಟರ್ ಸುತ್ತಿನ ನಯವಾದ ಕೊಳವೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತರೆ ಅಂಗಾಲು ಉರಿಯುತ್ತದೆ. ಒದ್ದೆಯಾದಾಗ ಜಾರುತ್ತದೆ ಕೂಡ. ಕನಿಷ್ಠ 5 ಸೆಂಟಿಮೀಟರ್ ಅಗಲದ, ಮೇಲೆ ಗೀರುಗಳಿರುವ ಪ್ಲಾಸ್ಟಿಕ್ ಅಥವಾ ಮರದ ಹಲಗೆ ಇರುವ ಮೆಟ್ಟಿಲು ನೋಡಿ.

ಪಕ್ಕವೋ ಹಿಂದೆಯೋ ಅಂತ ಕೇಳಿದಿರಿ. ನಿಮ್ಮ ದೋಣಿಗೆ ಹಿಂದೆ. ಇಷ್ಟು ಹಗುರ ದೋಣಿಯಲ್ಲಿ ಒಬ್ಬರು ಪಕ್ಕದಲ್ಲಿ ಜೋತುಬಿದ್ದರೆ ಇಡೀ ದೋಣಿ ವಾಲುತ್ತದೆ, ಏಣಿ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಹಿಂಬದಿಯಲ್ಲಿ ಹತ್ತಿದರೆ ಹಿಂಭಾಗ ಸ್ವಲ್ಪ ತಗ್ಗುತ್ತದೆ ಅಷ್ಟೇ. ಆ ತಗ್ಗು ನಿಮಗೆ ಅನುಕೂಲವೇ. ಆದರೆ ಅಲೆ ಎದ್ದಿರುವಾಗ ಹಿಂಬದಿ ಅಪಾಯ. ದೋಣಿಯ ತುದಿ ಏರಿ ಇಳಿಯುವಷ್ಟು ನಡುಭಾಗ ಏರಿಳಿಯುವುದಿಲ್ಲ. ಏರಿದ ಟ್ರಾನ್ಸಮ್ ತಲೆಯ ಮೇಲೆ ಬಂದು ಬಡಿಯಬಹುದು. ಅಂಥ ನೀರಿನಲ್ಲಿ ಸುಮ್ನೆ ಮೋಜಿಗೆ ಈಜಲು ಇಳಿಯಬೇಡಿ.

ಡೆಕ್‌ನ ಎತ್ತರ ಎಷ್ಟು ಅಂತ ಅಳೆದು ಹಾಕಿ. ದೋಣಿಯಲ್ಲಿ ಯಾರೂ ಕೂತಿರದಾಗ ಅಳೆಯಿರಿ. ಎಲ್ಲರೂ ನೀರಿಗಿಳಿದಾಗ ದೋಣಿ ಹಗುರಾಗಿ ಮೇಲೆದ್ದಿರುತ್ತದೆ. ಏಣಿ ಮುಟ್ಟಬೇಕಾದದ್ದು ಆಗಿನ ನೀರನ್ನು.

ನೀರಹಕ್ಕಿ

ತುಂಬಾ ಧನ್ಯವಾದ. ಮೆಟ್ಟಿಲು ಆಳದಲ್ಲಿರಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಇವತ್ತು ಜೆಟ್ಟಿಯ ಮೇಲೆ ಮಲಗಿ ಟೇಪ್ ಹಿಡಿದು ಅಳೆದೆ. ದೋಣಿ ಖಾಲಿ ಇದ್ದಾಗ ಟ್ರಾನ್ಸಮ್‌ನ ಮೇಲಂಚಿನಿಂದ ನೀರಿಗೆ 72 ಸೆಂಟಿಮೀಟರ್. ಟ್ರಾನ್ಸಮ್ ಹೆಚ್ಚುಕಡಿಮೆ ನೆಟ್ಟಗಿದೆ. ಕೆಳಗೆ ಹೋದಂತೆ ಒಂದು ಚೂರು ಒಳಕ್ಕೆ ಸರಿದಿದೆ.

ಟೆಲಿಸ್ಕೋಪಿಕ್ ಮೂರು ಮೆಟ್ಟಿಲಿನದು ಒಂದು ನನ್ನ ಪಟ್ಟಿಯಲ್ಲಿತ್ತು. ಅದು ಸಾಲುತ್ತದಾ? ಮಡಚಿದಾಗ ಎಷ್ಟು ಪುಟ್ಟದು ಅಂದರೆ ಡೆಕ್‌ನ ಮೇಲೆ ಕಾಣುವುದೇ ಇಲ್ಲ. ನನ್ನ ಗಂಡನಿಗೆ ಅದೇ ಇಷ್ಟ.

ಹಳೆಹಾಯಿ

ಲೆಕ್ಕ ಹಾಕೋಣ. ಮೆಟ್ಟಿಲುಗಳ ನಡುವೆ 28 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಮೇಲಿನದು ಡೆಕ್‌ನಿಂದ 16 ಸೆಂಟಿಮೀಟರ್ ಕೆಳಗೆ, ಅಂದರೆ ನೀರಿನಿಂದ 56 ಮೇಲೆ. ಎರಡನೆಯದು 28 ಮೇಲೆ. ಮೂರನೆಯದು ಸರಿಯಾಗಿ ನೀರಿನ ಮಟ್ಟದಲ್ಲಿ. ಮೂರು ಮೆಟ್ಟಿಲಿನ ಏಣಿ ಅಲ್ಲಿಗೆ ಮುಗಿಯಿತು. ನೀರಿನೊಳಗೆ ಒಂದೂ ಇಲ್ಲ. ನಾಲ್ಕು ಇದ್ದರೆ 28 ಆಳ. ಐದು ಇದ್ದರೆ 56. ನಿಮಗೆ ಐದು ಬೇಕೇ ಬೇಕು. ಆರನೆಯದು ಸಿಕ್ಕರೆ 84 ಆಳಕ್ಕೆ ಹೋಗುತ್ತದೆ. ಅಪ್ಪನ ಮೊಣಕಾಲಿಗೆ ನಾನು ಆರನ್ನೇ ಹುಡುಕುತ್ತಿದ್ದೆ. ಅಷ್ಟು ಉದ್ದದ್ದು ಸಿಗದಿದ್ದರೆ ಐದು ಮೆಟ್ಟಿಲಿನ ಏಣಿಯ ತಳಕ್ಕೆ ಪಟ್ಟಿಯಿಂದ ಒಂದು ಅಗಲ ಕುಣಿಕೆ ಇಳಿಬಿಡಿ. ಕುಣಿಕೆಯ ತಳದಲ್ಲಿ ಗಟ್ಟಿ ಪ್ಲಾಸ್ಟಿಕ್ ಕೊಳವೆ ತೂರಿಸಿ, ಆಗ ಅದು ಬಾಯಿ ಮುಚ್ಚಿಕೊಳ್ಳದೆ ಪಾದಕ್ಕೆ ಸಿಗುತ್ತದೆ. ಮೇಲೆ ಗಟ್ಟಿ ಚೌಕಟ್ಟು ಇರುವುದರಿಂದ ಒಂದೇ ಕುಣಿಕೆ ಅಷ್ಟೇನೂ ಒಳಕ್ಕೆ ಓಡುವುದಿಲ್ಲ.

ಟೆಲಿಸ್ಕೋಪಿಕ್ ಕೆಟ್ಟದ್ದಲ್ಲ. ಜಾಗ ಕಡಿಮೆ ಇರುವಲ್ಲಿ ಅದೇ ಗೆಲ್ಲುತ್ತದೆ. ಅದರ ಸಂಕಟ ಬೇರೆ. ಕೊಳವೆಯೊಳಗೆ ಮರಳು, ಉಪ್ಪು ಸೇರಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಸಮುದ್ರದಿಂದ ಬಂದಾಗಲೆಲ್ಲ ಪೂರ್ತಿ ಎಳೆದು ಸಿಹಿನೀರು ಹಾಯಿಸಿ, ನೀರು ಇಳಿದಮೇಲೆ ಮಡಚಬೇಕು. ಮೆಟ್ಟಿಲುಗಳು ಒಂದರ ಮೇಲೊಂದು ಬೀಳುವಾಗ ಬೆರಳು ಸಿಕ್ಕಿದರೆ ಚೆನ್ನಾಗಿ ನೋವಾಗುತ್ತದೆ, ಮಗಳಿಗೆ ಮೊದಲೇ ತೋರಿಸಿಕೊಡಿ. ಮೇಲೆ ಬರಬರುತ್ತ ಅಗಲ ಬದಲಾಗುವ ಮೆಟ್ಟಿಲುಗಳೂ ಇರುತ್ತವೆ, ಕಾಲು ಅಂದಾಜು ತಪ್ಪುತ್ತದೆ. ಎರಡಾಗಿ ಮಡಚುವ ಏಣಿ ದೊಡ್ಡದಾಗಿ ಕಂಡರೂ ಸಿಕ್ಕಿಕೊಳ್ಳಲು ಅದರಲ್ಲಿ ಒಂದು ಕೀಲು ಬಿಟ್ಟರೆ ಏನೂ ಇಲ್ಲ. ನಿಮಗೆ ನಾನು ಹೇಳುವುದು ಅದನ್ನೇ.

ಇನ್ನೊಂದು, ಇದನ್ನು ಮರೆಯಬೇಡಿ. ನಿಮ್ಮ ಹಿಂಬದಿಯಲ್ಲಿ ಕಟಕಟೆ ಇಲ್ಲ ಅಂದಿರಿ. ಹಾಗಾದರೆ ಮೇಲಿನ ಮೆಟ್ಟಿಲಿಗೆ ಬಂದಾಗ ಕೈಗೆ ಏನು ಸಿಗುತ್ತದೆ? ಏಣಿಯ ಹಿಡಿ ಡೆಕ್ ಮಟ್ಟದಲ್ಲೇ ಮುಗಿದರೆ ಆ ಕೊನೆಯ ಹೆಜ್ಜೆಯಲ್ಲಿ ಹೊಟ್ಟೆಯ ಮೇಲೆ ಬಿದ್ದು ತೆವಳಬೇಕಾಗುತ್ತದೆ. ಡೆಕ್‌ನ ಮೇಲೆ, ಅಂಚಿನಿಂದ ಒಂದು ಮೊಳ ಒಳಗೆ, ಗಟ್ಟಿಯಾದ ಒಂದು ಸ್ಟೀಲ್ ಹಿಡಿಕೆ ಕೂರಿಸಿ. ಮೈಯನ್ನು ಮುಂದಕ್ಕೆ ಎಳೆದುಕೊಳ್ಳಲು ಅದು ಬೇಕು. ಏಣಿಯ ಹಿಡಿಗಳೇ ಡೆಕ್‌ಗಿಂತ ಮೇಲೆ ಎದ್ದಿರುವ ನಮೂನೆ ಸಿಕ್ಕರೆ ಇನ್ನೂ ಒಳ್ಳೆಯದು. ಹಿರಿಯರು ಏಣಿಗೆ ಹೆದರುವುದು ಬಹಳ ಸಲ ಈ ಕೊನೆಯ ಹೆಜ್ಜೆಗೇ.

ತೇಲುಹಗ್ಗ

ನಾನು ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುತ್ತೇನೆ. ಹಳೆಹಾಯಿಯವರ ಅಳತೆಗೆ ನನ್ನದೂ ಒಪ್ಪಿಗೆ. ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕು. ದೋಣಿಯಲ್ಲಿ ಯಾರೂ ಇಲ್ಲದಾಗ ನೀರಿನಲ್ಲಿರುವವರು ಆ ಏಣಿಯನ್ನು ತಾವೇ ಇಳಿಸಿಕೊಳ್ಳಬಹುದೇ?

ಏಣಿ ಮಡಚಿ ಡೆಕ್‌ನ ಮೇಲೆ ಕಟ್ಟಿದ್ದರೆ 72 ಸೆಂಟಿಮೀಟರ್ ಎತ್ತರದ ನುಣ್ಣನೆಯ ಗೋಡೆ ನಿಮ್ಮ ಮುಂದಿರುತ್ತದೆ. ಒಳ್ಳೆಯ ಈಜುಗಾರರಿಗೂ ಅದು ಏರಲು ಬಹಳ ಕಷ್ಟದ ಎತ್ತರ. ಒಬ್ಬರಾದಮೇಲೆ ಒಬ್ಬರು ಧುಮುಕಿ, ಏಣಿ ಇಳಿಬಿಡುವುದು ಮರೆತುಹೋಗಿ, ದೋಣಿ ಪಕ್ಕದಲ್ಲೇ ಇದ್ದರೂ ಹತ್ತಲಾಗದೆ ಜನ ಮುಳುಗಿದ ಪ್ರಕರಣಗಳು ನಡೆದಿವೆ. ಯುರೋಪಿನ 2013/53 ದೋಣಿ ನಿರ್ದೇಶನದಲ್ಲಿ ಇದಕ್ಕೇ ಒಂದು ಮಾತು ಸೇರಿಸಿದ್ದಾರೆ: ನೀರಿನಲ್ಲಿರುವ ವ್ಯಕ್ತಿ ಇನ್ನೊಬ್ಬರ ನೆರವಿಲ್ಲದೆ ಹತ್ತುವ ಸಾಧನವನ್ನು ಮುಟ್ಟುವಂತೆ ಅಥವಾ ಇಳಿಸಿಕೊಳ್ಳುವಂತೆ ಇರಬೇಕು.

ನೀವು ಮಾಡಬೇಕಾದ್ದು ಸುಲಭ. ಮಡಚಿದ ಏಣಿಯನ್ನು ಎಳೆದರೆ ಬಿಚ್ಚಿಕೊಳ್ಳುವ ಗಂಟಿನಲ್ಲಿ ಕಟ್ಟಿ. ಆ ಹಗ್ಗದ ತುದಿಯನ್ನು ಟ್ರಾನ್ಸಮ್ ಮೇಲೆ ನೀರಿಗೆ ಒಂದು ಗೇಣು ಮೇಲಿನವರೆಗೆ ಇಳಿಬಿಡಿ. ತುದಿಗೆ ಒಂದು ಬಣ್ಣದ ಮಣಿಯೋ ಗುಂಡೋ ಹಾಕಿ, ಕೈಗೆ ತಟ್ಟನೆ ಸಿಗಬೇಕು. ಎಳೆದರೆ ಏಣಿ ತಾನಾಗಿ ಹೊರಗೆ ಮಗುಚಿ ಬೀಳಬೇಕು. ಬೀಳುವ ದಾರಿಯಲ್ಲಿ ನಿಮ್ಮ ತಲೆ ಇರಬಾರದು, ಅದಕ್ಕೆ ಹಗ್ಗವನ್ನು ಏಣಿಯ ಪಕ್ಕಕ್ಕೆ ಇಳಿಬಿಡಿ. ಕಟ್ಟಿದ ಮೇಲೆ ನೀವೇ ನೀರಿಗಿಳಿದು ಎಳೆದು ನೋಡಿ. ಡೆಕ್ ಮೇಲಿನಿಂದ ಸಲೀಸಾಗಿ ಬಿಚ್ಚುವ ಗಂಟು ಕೆಳಗಿನಿಂದ ಎಳೆದಾಗ ಬಿಗಿಯುವುದುಂಟು.

ಚೀಲದ ಪಟ್ಟಿ ಏಣಿಯನ್ನು ಹಳೆಹಾಯಿಯವರು ಬದಿಗಿಟ್ಟರು. ಈಜಲು ಬೇಡ, ಸರಿ. ಆದರೆ ಸಾಗುತ್ತಿರುವಾಗ ಯಾರಾದರೂ ಆಯತಪ್ಪಿ ಬಿದ್ದರೆ, ಅಲೆ ಜೋರಿದ್ದು ಹಿಂಬದಿಗೆ ಹೋಗುವಂತಿಲ್ಲದಿದ್ದರೆ, ದೋಣಿಯ ನಡುಭಾಗದಲ್ಲಿ ಇಳಿಬಿಡಲು ಅದೊಂದೇ ಉಳಿಯುವುದು. ಎರಡನೆಯ ಸಾಧನವಾಗಿ ಇಟ್ಟುಕೊಳ್ಳಿ. ಉಬ್ಬಿದ ಲೈಫ್ ಜಾಕೆಟ್ ಹಾಕಿಕೊಂಡು ಹತ್ತುವುದು ಹೇಗಿರುತ್ತದೆ ಅಂತಲೂ ಒಮ್ಮೆ ಎಲ್ಲರೂ ನೋಡಿ. ಎದೆಯ ಮುಂದೆ ದಪ್ಪ ದಿಂಬು ಇದ್ದಂತಾಗಿ ಮೈ ಏಣಿಯಿಂದ ದೂರ ಸರಿಯುತ್ತದೆ, ಮೆಟ್ಟಿಲು ಕಣ್ಣಿಗೆ ಕಾಣುವುದಿಲ್ಲ.

ತಣ್ಣೀರಿನ ಬಗ್ಗೆ ಯಾರೂ ಹೇಳಲಿಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಕೊರೆಯುವ ನೀರಿಗೆ ಬಿದ್ದವರಿಗಾಗಿ 1-10-1 ಅನ್ನುವ ಸೂತ್ರ ಹೇಳುತ್ತಾರೆ. ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಏಣಿ ಹತ್ತುವವರಿಗೆ ಮುಖ್ಯವಾದದ್ದು ನಡುವಿನ 10. ಅದು ಕಳೆದಮೇಲೂ ಎಚ್ಚರ ಇರುತ್ತದೆ, ತೇಲುತ್ತಲೂ ಇರುತ್ತಾರೆ, ಬೆರಳು ಮಾತ್ರ ಬಿಗಿ ಹಿಡಿಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಇಷ್ಟು ಬೇಗ ಆಗುವುದಿಲ್ಲ, ಆದರೂ ದಣಿವು ಬಂದೇ ಬರುತ್ತದೆ. ಹೋಗುವಾಗ ಇದ್ದ ಬಲ ಬರುವಾಗ ಇರುವುದಿಲ್ಲ. ಅದಕ್ಕೇ ಕಾಲಿನಿಂದ ಹತ್ತುವ ಏಣಿ ಬೇಕು ಅಂತ ನಾನೂ ಒತ್ತಿ ಹೇಳುವುದು.

ಮತ್ತೆ ಈಜುವ ಮುನ್ನ ಲಂಗರು ಹಾಕಿ, ಹಾಯಿ ಇಳಿಸಿ. ಹಾಯಿ ಇಳಿಸಿದ ದೋಣಿಯೂ ಗಾಳಿಗೆ ಸರಿಯುತ್ತದೆ. 1 ನಾಟ್ ವೇಗದಲ್ಲಿ ಸರಿದರೆ ನಿಮಿಷಕ್ಕೆ ಸುಮಾರು 30 ಮೀಟರ್. ಆರಾಮಾಗಿ ಈಜುವವರ ವೇಗವೂ ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ದೋಣಿ ಅವರ ಕೈಗೆ ಸಿಗುವುದಿಲ್ಲ. ಲಂಗರು ಹಾಕಿದ್ದರೂ ನೀರಿನ ಹರಿವು ಇರಬಹುದು. ಹಿಂಬದಿಯಿಂದ 15–20 ಮೀಟರ್ ಉದ್ದದ, ನೀರಿನ ಮೇಲೆ ತೇಲುವ ಪಾಲಿಪ್ರೊಪಿಲೀನ್ ಹಗ್ಗ ಬಿಡಿ, ತುದಿಗೆ ಒಂದು ತೇಲುಗುಂಡು ಕಟ್ಟಿ. ಹರಿವು ಹಿಂದಕ್ಕೆ ಒಯ್ದವರು ಅದನ್ನು ಹಿಡಿದು ಏಣಿಯವರೆಗೆ ಬರಬಹುದು. ಮೋಟಾರ್ ಆರಿಸಿ, ಕೀಲಿ ತೆಗೆದು, ಮೇಲೆತ್ತಿ ಕಟ್ಟಿ. ಎತ್ತಿದ ಮೋಟಾರಿನ ಪ್ರೊಪೆಲ್ಲರ್ ಅಲಗು ತಲೆಗೆ ತಾಗುವ ಎತ್ತರಕ್ಕೆ ಬಂದು ನಿಲ್ಲುತ್ತದೆ, ಆ ಕಡೆ ಯಾರನ್ನೂ ಬಿಡಬೇಡಿ. ಏಣಿ ಎಡಕ್ಕೆ ಅಂತ ನೀವು ಯೋಚಿಸಿರುವುದು ಸರಿಯಾಗಿದೆ.

ಬೋಲ್ಟುನಟ್ಟು

ದೋಣಿ ರಿಪೇರಿ ನನ್ನ ಕೆಲಸ. ತೂತಿನ ಹೆದರಿಕೆಗೆ ಉತ್ತರ ಕೊಡುತ್ತೇನೆ.

ಸ್ಕ್ರೂ ಬೇಡ. ಆಚೆಯಿಂದ ಈಚೆಗೆ ದಾಟುವ ಬೋಲ್ಟೇ ಹಾಕಬೇಕು, 8 ಮಿಲಿಮೀಟರ್ ದಪ್ಪ. ಒಬ್ಬ ವ್ಯಕ್ತಿ ಏಣಿಯ ಹೊರಗೆ ಜೋತಾಗ ಮೇಲಿನ ಬೋಲ್ಟುಗಳು ಹೊರಕ್ಕೆ ಕಿತ್ತುಬರಲು ನೋಡುತ್ತವೆ. ಕೆಳಗಿನ ಊರುಗಾಲು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಎರಡಕ್ಕೂ ಒಳಗಡೆ ಆಸರೆ ಬೇಕು. ಬೋಲ್ಟಿನ ಹಿಂದೆ 10–12 ಮಿಲಿಮೀಟರ್ ದಪ್ಪದ ಮೆರೈನ್ ಪ್ಲೈವುಡ್ ತುಂಡು, ಅಂಗೈಯಗಲಕ್ಕಿಂತ ದೊಡ್ಡದು, ಎಪಾಕ್ಸಿ ಅಂಟು ಬಳಿದು ಕೂರಿಸಿ. ಅಥವಾ 5–6 ಮಿಲಿಮೀಟರ್ ಅಲ್ಯೂಮಿನಿಯಂ ತಗಡು. ಬರೀ ಚಿಕ್ಕ ವಾಷರ್ ಹಾಕಿದರೆ ಫೈಬರ್ ಗ್ಲಾಸ್ ಸುತ್ತ ಸಣ್ಣ ಬಿರುಕು ಬಿಡುತ್ತದೆ. ಊರುಗಾಲು ತಾಗುವಲ್ಲಿ ಹೊರಗೆ ರಬ್ಬರ್ ಬಿಲ್ಲೆ ಇರಲಿ. ಕೈಯಿಂದ ಒತ್ತಿದಾಗ ಗೋಡೆ ಬಾಗುವಷ್ಟು ತೆಳುವಿದ್ದರೆ ಒಳಗಡೆ ಅಲ್ಲಿಗೂ ಒಂದು ಪಟ್ಟಿ.

ಕೊರೆಯುವ ಮುನ್ನ ಒಳಗೆ ಕೈ ಹೋಗುತ್ತದಾ ನೋಡಿ. ಹಿಂಬದಿಯ ಸಾಮಾನಿನ ಪೆಟ್ಟಿಗೆಯಿಂದ ನಟ್ ಹಿಡಿಯಲು ಆಗಬೇಕು. ಆಮೇಲೆ ಚುಕ್ಕಾಣಿಯನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಇಳಿಬಿಟ್ಟ ಏಣಿಗೆ ತಾಗುತ್ತದಾ ಪರೀಕ್ಷಿಸಿ. ರಟ್ಟಿನಲ್ಲಿ ಏಣಿಯ ಅಳತೆಯ ಚೌಕ ಕತ್ತರಿಸಿ ಟೇಪ್ ಹಚ್ಚಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. 45 ಸೆಂಟಿಮೀಟರ್ ಜಾಗದಲ್ಲಿ 30ರಷ್ಟು ಅಗಲದ ಏಣಿ ಕೂರುತ್ತದೆ, ಆದರೆ ಚುಕ್ಕಾಣಿ ತಿರುಗುವ ಜಾಗವನ್ನು ಕಳೆದು ನೋಡಿ. ಈಜುವಾಗ ಚುಕ್ಕಾಣಿಯ ಹಿಡಿಯನ್ನು ನಡುವೆ ಕಟ್ಟಿಹಾಕಿ. ಇಲ್ಲದಿದ್ದರೆ ಅಲೆಗೆ ಅದು ಬೀಸಾಡಿ ಹತ್ತುವವರ ಕಾಲಿಗೆ ಬಡಿಯುತ್ತದೆ.

ಮೋಟಾರ್ ತೂಗುವ ಟ್ರಾನ್ಸಮ್ ಆದ್ದರಿಂದ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇರುವ ಸಾಧ್ಯತೆ ಜಾಸ್ತಿ. ಆ ಮರಕ್ಕೆ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಅದಕ್ಕೆ ದಾರಿ ಹೀಗೆ. ಬೋಲ್ಟಿಗಿಂತ ದೊಡ್ಡ ತೂತು, 12–14 ಮಿಲಿಮೀಟರ್ ಕೊರೆಯಿರಿ. ಒಳಗಿನ ಮರ ಒಣಗಿದೆಯಾ ನೋಡಿ, ಮಂದ ಮಾಡಿದ ಎಪಾಕ್ಸಿ ತುಂಬಿಸಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಅದರ ನಡುವೆ 8 ಮಿಲಿಮೀಟರ್ ತೂತು ಕೊರೆಯಿರಿ. ಈಗ ಬೋಲ್ಟ್ ಹಾಯುವುದು ಎಪಾಕ್ಸಿಯ ಮೂಲಕ, ಮರ ನೀರು ಕಾಣುವುದಿಲ್ಲ. ಹೊರಬಾಯಿಯನ್ನು ಸ್ವಲ್ಪ ಅಗಲಿಸಿ ಅಲ್ಲಿ ನೀರು ತಡೆಯುವ ಬ್ಯುಟೈಲ್ ಟೇಪ್ ಸುತ್ತಿ ಬಿಗಿಯಿರಿ. ಬಿಗಿಯುವಾಗ ಬೋಲ್ಟ್ ತಿರುಗಬಾರದು, ಒಳಗಿನ ನಟ್ ಮಾತ್ರ ತಿರುಗಬೇಕು. ಮಾರನೆಯ ದಿನ ಇನ್ನೊಂದು ಸುತ್ತು ಬಿಗಿಯಿರಿ.

ಸ್ಟೀಲ್ ಯಾವುದು ಅಂತ ಕೇಳಿ ಕೊಳ್ಳಿ. ಸಿಹಿನೀರಿಗೆ 304 ದರ್ಜೆಯದು ನಡೆಯುತ್ತದೆ. ಸಮುದ್ರಕ್ಕೂ ಹೋಗುವುದರಿಂದ 316 ಬೇಕು. ಅದರಲ್ಲಿ 2ರಿಂದ 3 ಶೇಕಡಾ ಮೊಲಿಬ್ಡಿನಂ ಇರುತ್ತದೆ, ಉಪ್ಪುನೀರು ಸಣ್ಣ ಗುಳಿ ಕೊರೆಯುವುದನ್ನು ಅದು ತಡೆಯುತ್ತದೆ. ಕೀಲಿನ ಪಿನ್ನು ಮತ್ತು ಬೋಲ್ಟುಗಳೂ 316 ಆಗಿರಲಿ. ಏಣಿ ಒಳ್ಳೆಯದಿದ್ದು ಪಿನ್ನು ಕಳಪೆ ಇರುವುದನ್ನು ನಾನು ತುಂಬಾ ನೋಡಿದ್ದೇನೆ. ಅಲ್ಯೂಮಿನಿಯಂ ಏಣಿ ತಂದರೆ ಸ್ಟೀಲ್ ಬೋಲ್ಟ್ ಅದಕ್ಕೆ ನೇರ ತಾಗದಂತೆ ನೈಲಾನ್ ವಾಷರ್ ಹಾಕಬೇಕು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ಏಣಿ ಇಳಿಬಿಟ್ಟುಕೊಂಡೇ ಸಾಗಬೇಡಿ. ನೀರಿನ ಎಳೆತಕ್ಕೆ ಕೀಲು ಬಾಗುತ್ತದೆ.

ನೀರಹಕ್ಕಿ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ. ಮನೆಯಲ್ಲಿ ಎಲ್ಲರೂ ಕೂತು ಓದಿದೆವು. ಮೂರು ಮೆಟ್ಟಿಲಿನದನ್ನು ನನ್ನ ಗಂಡ ತಾವೇ ಪಟ್ಟಿಯಿಂದ ತೆಗೆದರು. ಎರಡಾಗಿ ಮಡಚುವ, ಚಪ್ಪಟೆ ಮೆಟ್ಟಿಲಿನ, ಐದು ಹಂತದ 316 ಸ್ಟೀಲ್ ಏಣಿ ತರುತ್ತೇವೆ. ತಳಕ್ಕೆ ಪಟ್ಟಿಯ ಕುಣಿಕೆ. ಡೆಕ್‌ನ ಮೇಲೆ ಒಂದು ಹಿಡಿಕೆ, ಎಡಗಡೆ. ರಟ್ಟು ಕತ್ತರಿಸಿ ಹಚ್ಚಿ ನೋಡಿದೆವು. ಚುಕ್ಕಾಣಿ ಪೂರ್ತಿ ತಿರುಗಿದಾಗ 6 ಸೆಂಟಿಮೀಟರ್ ಬಿಡುವು ಉಳಿಯುತ್ತದೆ. ಹಳೆಯ ಹಗ್ಗದ ಏಣಿಯ ಬದಲು ಚೀಲದ ಪಟ್ಟಿ ಏಣಿ ನಡುಭಾಗಕ್ಕೆ.

ಅಪ್ಪನಿಗೆ ಓದಿ ಹೇಳಿದೆ. ಅವರು ಮೊದಲು ಕೇಳಿದ್ದು, "ಯಾವ ಕಾಲು ಮೊದಲು ಇಡಬೇಕು?" ಅಂತ. ಅದಕ್ಕೆ ಉತ್ತರ ನನಗೆ ಗೊತ್ತಾಗಲಿಲ್ಲ. ಯಾರಾದರೂ ಹೇಳುತ್ತೀರಾ?

ತೇಲುಹಗ್ಗ

ಹತ್ತುವಾಗ ಗಟ್ಟಿ ಕಾಲು ಮೊದಲು. ಬಲಗಾಲು ಮೆಟ್ಟಿಲ ಮೇಲಿಟ್ಟು ಅದರ ಬಲದಿಂದ ಏಳಬೇಕು, ಆಮೇಲೆ ಎಡಗಾಲನ್ನು ಅದೇ ಮೆಟ್ಟಿಲಿಗೆ ತಂದು ಸೇರಿಸಬೇಕು. ಒಂದೊಂದೇ ಮೆಟ್ಟಿಲು, ಎರಡೂ ಕಾಲು ಕೂಡಿಸಿ. ಇಳಿಯುವಾಗ ತಿರುಗಾಮುರುಗಾ: ಏಣಿಗೆ ಮುಖ ಮಾಡಿ, ಎಡಗಾಲು ಮೊದಲು ಕೆಳಗೆ. ಕುಣಿಕೆಗೆ ಇಡುವುದೂ ಬಲಗಾಲೇ. ಎಡಗಾಲು ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸಲು ಮೊಣಕಾಲು ಮಡಿಸಬೇಕಾಗುತ್ತದೆ.

ಮೊದಲ ಸಲ ಅಲೆ ಇಲ್ಲದ ಬೆಳಗ್ಗೆ ನೋಡಿಕೊಳ್ಳಿ. ನಿಮ್ಮ ಯಜಮಾನರು ನೀರಿನಲ್ಲಿ ಅಪ್ಪನ ಪಕ್ಕಕ್ಕಿರಲಿ, ನೀವು ಡೆಕ್‌ನ ಮೇಲಿರಿ. ಧುಮುಕುವುದು ಬೇಡ, ಏಣಿಯಿಂದಲೇ ಇಳಿಯಲಿ. ಕೆಳಗಿನ ಮೆಟ್ಟಿಲಿನವರೆಗೆ ಹೋಗಿ, ದಣಿಯುವ ಮುಂಚೆ ಹಾಗೇ ಒಮ್ಮೆ ಮೇಲೆ ಬರಲಿ. ಈಜು ಅದಾದ ಮೇಲೆ.